ಗೌಂಡಿ ಗಾಳೆಪ್ಪನ ಸೈನು

ಹಂಪಸಾಗರದ ಸುತ್ತ ಯಾರೇ ಮನೆ ಕಟ್ಟಲಿ, ಗೌಂಡಿ ಗಾಳೆಪ್ಪ ಬಂದು ಕರಣಿ ಹಿಡಿಯದೆ ಗೋಡೆ ಏಳುತ್ತಿರಲಿಲ್ಲ. ಅಂಥ ಗಾಳೆಪ್ಪ ತನ್ನ ಹಳ್ಳಿಯ ಶಾಲೆಗೆ ಇಳಿಜಾರು ಕಟ್ಟಿ ಸೋತ. ಕಟ್ಟಿದ್ದು ಮೊಮ್ಮಗಳು ರಮಾಳಿಗಾಗಿ. ಕಾಲಲ್ಲಿ ಬಲವಿಲ್ಲದ ಹುಡುಗಿ. ಗಾಲಿ ಕುರ್ಚಿಯಲ್ಲಿ ಒಬ್ಬಳೇ ತರಗತಿಗೆ ಹತ್ತಿ ಹೋಗಲಿ ಅನ್ನುವುದೊಂದೇ ಅವನ ಆಸೆ. ಆದರೆ ಕುರ್ಚಿ ಅರ್ಧಕ್ಕೆ ಹೋಗಿ ಹಿಂದಕ್ಕೆ ಜಾರಿತು. ಯಾರೋ ಓಡಿ ಬಂದು ಹಿಡಿದು, ನೂಕಿ ಹತ್ತಿಸಿದರು. ರಮಾ ತಲೆ ಬಗ್ಗಿಸಿ ಕೂತಳು.

ಗಣಿತದ ಮೇಷ್ಟ್ರು ಸೋಮಶೇಖರ್ ಬಂದು ನೋಡಿ, "ಗಾಳೆಪ್ಪಣ್ಣ, ಇಲ್ಲಿ ನಿಮ್ಮ ಸೈನ್ ಸರಿ ಇಲ್ಲ ನೋಡ್ರಿ" ಅಂದರು.

ಎಲ್ಲಿಗೆ ಹೋದರೂ ಹೆಬ್ಬೆಟ್ಟು ಒತ್ತುವ ಗಾಳೆಪ್ಪನಿಗೆ ಮುಟ್ಟಬಾರದ ಕಡೆಯೇ ಮುಟ್ಟಿತು. "ನಂಗ ಸೈನ್ ಬರಂಗಿಲ್ಲ ಅಂತ ಊರಿಗೇ ಗೊತ್ತೈತ್ರಿ. ಗ್ವಾಡಿ ಕಟ್ಟಾಕ ಸೈನ್ ಯಾಕ ಬೇಕ್ರಿ?" ಎಂದು ಟವೆಲ್ ಕೊಡವಿ ಹೊರಟೇಬಿಟ್ಟ.

ಮೇಷ್ಟ್ರಿಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ತಿಳಿದಾಗ ನಗು ಬಂತು, ಅದರ ಬೆನ್ನಿಗೇ ಅಯ್ಯೋ ಅನಿಸಿತು. ಓಡಿ ಹೋಗಿ ಕೈ ಹಿಡಿದರು. "ರುಜು ಅಲ್ರಿ ಅದು, ಗಣಿತದ ಸೈನ್!" ಕರೆತಂದು, ಹಲಗೆಯೊಂದನ್ನು ಶಾಲೆಯ ಕಟ್ಟೆಗೆ ಒರಗಿಸಿದರು. "ಹಲಗಿ ಉದ್ದದಾಗ ಎತ್ತರ ಎಷ್ಟು ಪಾಲು? ಅದೇ ಸೈನ್. ಹಲಗಿ ಉದ್ದ ಆದಂಗ ಪಾಲು ಸಣ್ಣದಾಗ್ತೈತಿ, ಏರು ತಗ್ಗತೈತಿ. ನೀವು ಕಟ್ಟಿದ್ದು ಮೂರರಾಗೊಂದು ಪಾಲು. ಹನ್ನೆರಡರಾಗೊಂದು ಆದ್ರ ಹುಡುಗಿ ತಾನ ಹತ್ತತಾಳ."

"ಅಷ್ಟುದ್ದಕ್ಕ ಅಂಗಳ ಸಾಲಂಗಿಲ್ಲಲ್ರೀ" ಎಂದ ಗಾಳೆಪ್ಪ. ಮರುಗಳಿಗೆಗೆ ತಾನೇ, "ಬೇವಿನ ಗಿಡದ ಹತ್ರ ತಿರುವಿದ್ರ ಆಗ್ತೈತಿ ಬಿಡ್ರಿ" ಅಂದ.

ತಾನೇ ಕಟ್ಟಿದ್ದನ್ನು ಒಡೆಯುವಾಗ ಅವನ ಜೀವ ಚುರ್ರೆಂದಿತು. ಆದರೂ ಒಡೆದ. ಹೊಸ ಇಳಿಜಾರು ಗಿಡ ಬಳಸಿ ನಿಧಾನಕ್ಕೆ ಏರಿತು. ಸಿಮೆಂಟು ಗಟ್ಟಿಯಾದ ಮೇಲೆ ಒಂದು ಬೆಳಿಗ್ಗೆ ರಮಾ ಗಾಲಿಗೆ ಕೈ ಹಾಕಿದಳು. ಮೇಷ್ಟ್ರು ಅಭ್ಯಾಸಬಲದಿಂದ ಮುಂದೆ ಬಂದರು.

"ಕೈ ಹಚ್ಚಬ್ಯಾಡ್ರಿ!" ಗಾಳೆಪ್ಪ ಗದರಿಯೇಬಿಟ್ಟ.

ತಿರುವಿನಲ್ಲಿ ಸುಧಾರಿಸಿಕೊಂಡು, ಮತ್ತೆ ಗಾಲಿ ತಿರುಗಿಸಿ, ಅವಳು ಒಬ್ಬಳೇ ಹತ್ತಿದಳು. ಗಾಳೆಪ್ಪನ ಕಣ್ಣು ತುಂಬಿ ಬಂತು.

ಆ ಸಂಜೆ ಅವಳ ನೀರಿನ ಬಾಟಲಿ ಖಾಲಿಯಾಗಿತ್ತು. ದಿನಾ ತುಂಬಿದ್ದು ತುಂಬಿದಂತೆಯೇ ಮನೆಗೆ ಬರುತ್ತಿದ್ದ ಬಾಟಲಿ.

"ಇವತ್ತೇನವ್ವಾ ಇಷ್ಟು ನೀರಡಿಕಿ?" ಎಂದು ಕೇಳಿದ.

"ನೀರಡಿಕಿ ದಿನಾ ಆಗತಿತ್ತು ತಾತಾ" ಅಂದಳು ರಮಾ. "ಕುಡದ್ರ ಪಾಯಖಾನಿಗೆ ಹೋಗಾಕ ಕೆಳಗ ಇಳಸ್ರಿ ಅಂತ ಯಾರನ್ನರ ಕರೀಬೇಕಿತ್ತಲ್ಲ."