ಊಟ ಆಗೋದ್ರೊಳಗೆ ಬಡವರಾಗ್ರಿ

"ಊಟ ಮುಗಿಸ್ಕೊಂಡು ಬರ್ತೀನ್ರೀ. ಅಷ್ಟರಾಗೆ ಸ್ವಲ್ಪ ಬಡವರಾಗಿರ್ರಿ."

ಹೀಗೆಂದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ನನಗೆ ಕಳೆದ ಮಂಗಳವಾರ ಒಬ್ಬ ಸಾಹೇಬರು ಹೇಳಿದರು. ಅದೂ ನನ್ನ ಸ್ಟುಡಿಯೋದಲ್ಲೇ, ನನ್ನ ಕುರ್ಚಿಯಲ್ಲೇ ಕೂತು, ನಾನೇ ತರಿಸಿದ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ!

ನ್ಯಾಮತಿಯ ನನ್ನ ಫೋಟೋ ಸ್ಟುಡಿಯೋ ನಿಮಗೆ ಗೊತ್ತಲ್ಲ. ಹಿಂದೆ ತಾಜಮಹಲಿನ ಪರದೆ, ಗಿರಾಕಿಗಳಿಗೆಲ್ಲ ಒಂದೇ ಕೋಟು. (ಈ ಸೀಮೆಯ ಅರ್ಧ ಮದುಮಕ್ಕಳು ಅದೇ ಕೋಟಿನಲ್ಲಿದ್ದಾರೆ.) ಮುಂದೆ ಅಂಗಡಿ, ಹಿಂದೆ ಮನೆ.

ಮಗಳು ಸುಮಾಗೆ ಎಂಟು ವರ್ಷ. ಪೋಲಿಯೋದಿಂದ ಎಡಗಾಲು ಸೋತಿದೆ. ಕಬ್ಬಿಣದ ಪಟ್ಟಿಯ ಬೂಟು ಹಾಕಿದರೆ ಊರೆಲ್ಲ ಸುತ್ತುತ್ತಾಳೆ, ಬಿಚ್ಚಿದರೆ ತೆವಳಬೇಕು. ಮಗು ಬೆಳೆಯುತ್ತದೆ, ಬೂಟು ಬೆಳೆಯುತ್ತದೆಯೇ? ಹೊಸದು ಮಾಡಿಸಲು ಸರ್ಕಾರದ ಅಂಗವಿಕಲರ ಮಾಸಾಶನವೇ ಗತಿ. ಅದು ಸಿಗಬೇಕಾದರೆ ನಾವು ಬಡವರಾಗಿರಬೇಕು.

ಆದರೆ ಸ್ಟುಡಿಯೋದ ಸ್ವಯಂ ಉದ್ಯೋಗದ ಸಾಲವೂ ಸರ್ಕಾರದ್ದೇ. ಅದರ ಸಬ್ಸಿಡಿ ಸಿಗಬೇಕಾದರೆ ವ್ಯಾಪಾರ ಭರ್ಜರಿಯಾಗಿ ನಡೆಯುತ್ತಿರಬೇಕು.

ಇಷ್ಟು ದಿನ ಇಬ್ಬರು ಸಾಹೇಬರು ಬೇರೆ ಬೇರೆ ದಿನ ಬರುತ್ತಿದ್ದರು, ಹೇಗೋ ನಿಭಾಯಿಸುತ್ತಿದ್ದೆ. ಈಗ ಮಾಸಾಶನದವರಿಗೆ ಟ್ರಾನ್ಸ್‌ಫರ್ ಆಗಿ, ಸಾಲದವರಿಗೇ ಎರಡೂ ಚಾರ್ಜು. ಮಂಗಳವಾರ ಹೊನ್ನಾಳಿ ಬಸ್ಸಿನಿಂದ ಇಳಿದವರು ಎರಡನ್ನೂ ಒಂದೇ ದಿನ ಮುಗಿಸುವ ಹುರುಪಿನಲ್ಲಿದ್ದರು.

ಬೆಳಿಗ್ಗೆ ಸಾಲದ ತಪಾಸಣೆ. ಎದುರುಮನೆಯ ಗಿರಿಜಕ್ಕ ತನ್ನ ರೇಡಿಯೋ ತಂದಿಟ್ಟು, ಗಂಡನಿಗೂ ಕೋಟು ತೊಡಿಸಿ ಗಿರಾಕಿಯಂತೆ ಕೂರಿಸಿದಳು. ಸುಮಾ ಟಕ್ ಟಕ್ ಎಂದು ಬೂಟು ಸದ್ದು ಮಾಡುತ್ತಾ ಬಂದು ಸಾಹೇಬರಿಗೆ ನೀರಿನ ಲೋಟ ಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ.

"ಶಭಾಷ್! ಎಷ್ಟ್ ಚೆಂದ ನಡೀತಾಳ್ರೀ ಹುಡುಗಿ!" ಎಂದರು ಸಾಹೇಬರು. ಅವಳ ಮುಖ ನೋಡಬೇಕಿತ್ತು ನೀವು.

ಆಮೇಲೆ ಊಟಕ್ಕೆ ಏಳುವ ಮುಂಚೆ ಆ ಮಾತು ಹೇಳಿದರು, ಬಡವರಾಗಿರ್ರಿ ಅಂತ. ನಾನು ಕಕ್ಕಾಬಿಕ್ಕಿ.

"ಸಾರ್, ಎಲ್ಲಾನೂ ನೀವೇ ಕಣ್ಣಾರೆ ನೋಡಿದ್ರಲ್ಲ?"

"ಅದು ಸಾಲದ ಫೈಲಿಗೆ ನೋಡಿದ್ದು. ಮಾಸಾಶನದ ಫೈಲು ಬಿಚ್ಚೇ ಇಲ್ಲ. ಅದ್ರಾಗೆ ನಾನಿನ್ನೂ ನಿಮ್ಮನೆ ಕಂಡೇ ಇಲ್ಲ ಕಣ್ರೀ."

ಸರಿ, ಶುರುವಾಯಿತು ಬಡತನ! ನಾನು ತಾಜಮಹಲ್ ಸುತ್ತಿ ಗಿರಿಜಕ್ಕನ ಕೊಟ್ಟಿಗೆಯಲ್ಲಿಟ್ಟೆ. ಅವಳು ಉಳಿದದ್ದನ್ನು ಬಾಚಿ ಬಾಚಿ ಸಾಗಿಸಿದಳು. ಅವಳ ಗಂಡ ಕೋಟಿನ ಸಮೇತ ಮನೆಗೆ ಹೋದ.

ಊಟ ಮುಗಿಸಿ ಬಂದ ಸಾಹೇಬರು ಹೊಸ್ತಿಲಲ್ಲಿ ನಿಂತು, "ಫೋಟೋದೋರ ಮನೆ ಇದೇನಾ?" ಎಂದು ಕೇಳಿದರು. (ದೇವರಾಣೆ, ಹಾಗೇ ಕೇಳಿದರು.) ಒಳಗೆ ಇಣುಕಿ, "ಏನವ್ವಾ, ನಡಿಯಾಕೆ ಬರುತ್ತಾ?" ಎಂದರು.

"ಓ, ಬರುತ್ತೆ! ಬೂಟು ಹಾಕ್ಕೊಂತೀನಿ, ತಡೀರಿ" ಎಂದಳು ಸುಮಾ. ಊಟಕ್ಕೆ ಕೂರುವಾಗ ಬಿಚ್ಚಿಟ್ಟಿದ್ದ ಬೂಟಿಗಾಗಿ ಸುತ್ತ ತಡಕಾಡಿದಳು. ಎಲ್ಲಿದೆ ಬೂಟು? ರೇಡಿಯೋ ಜೊತೆ ಅದೂ ಎದುರುಮನೆ ಸೇರಿತ್ತು. "ಹೊಳಿಯೋದೆಲ್ಲ ತಗಂಡು ಹೋದೆ ಕಣಣ್ಣ" ಎಂದಳು ಗಿರಿಜಕ್ಕ ಆಮೇಲೆ. ಅವಳದೇನು ತಪ್ಪು? ಅದನ್ನು ದಿನಾ ಉಜ್ಜಿ ಹೊಳೆಯುವಂತೆ ಮಾಡುವವನು ನಾನೇ.

ಸುಮಾ ಬಾಗಿಲ ತನಕ ತೆವಳಿಕೊಂಡು ಬಂದಳು. ಬೆಳಿಗ್ಗೆ ಶಭಾಷ್ ಎಂದವರ ಎದುರು! ಲಂಗವನ್ನು ಕಾಲ ಮೇಲೆಳೆದುಕೊಂಡು ತಲೆ ತಗ್ಗಿಸಿದಳು. ನಾನು ಬೂಟು ತರಲು ಎದ್ದೆ. ಪಕ್ಕದಲ್ಲಿದ್ದ ಹೆಂಡತಿ ನನ್ನ ಅಂಗಿ ಹಿಡಿದೆಳೆದು ಕೂರಿಸಿದಳು. ಈ ಬೂಟು ಆಗಲೇ ಬಿಗಿಯಾಗಿದೆ, ಮಗಳು ನಡೆಯುವುದು ಕಂಡು ಮಾಸಾಶನ ನಿಂತರೆ ಹೊಸದು ಎಲ್ಲಿಂದ!

"ಭೇಷ್! ಹಿಂಗಿದ್ರೆ ನಮಗೂ ಬರಿಯಾಕೆ ಸಲೀಸು" ಎಂದು ಸಾಹೇಬರು ಸಹಿ ಹಾಕಿದರು. ಕೆಟ್ಟ ಮನುಷ್ಯರಲ್ಲ. ಸಬ್ಸಿಡಿಯೂ ಬರುತ್ತದೆ, ಮಾಸಾಶನವೂ ನಿಲ್ಲುವುದಿಲ್ಲ ಎಂದು ಧೈರ್ಯ ಹೇಳಿ, ನಾಲ್ಕರ ಬಸ್ಸು ಹಿಡಿದರು. ನಾನು ಕೈ ಮುಗಿದೆ. ಮೈಯೆಲ್ಲ ಉರಿಯುತ್ತಿತ್ತು, ಆದರೂ ಮುಗಿದೆ.

ಕೋಟು ಬಂತು. ತಾಜಮಹಲ್ ಬಂತು. ಗಿರಿಜಕ್ಕ ಬೂಟು ತಂದು ಸುಮಾಳ ಮುಂದಿಟ್ಟಳು. ಮಗಳು ಮುಟ್ಟಲಿಲ್ಲ. ಬೀದಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು:

"ಅಪ್ಪಾ, ಈಗ ನಾನು ನಡೀಬೋದಾ?"