ಶಿರಾ ಸುತ್ತಿ ಬಂದ ಮಾತು

ಎಂಬತ್ತರ ದಶಕದ ಆರಂಭದಲ್ಲಿ, ಮಧುಗಿರಿ ಬೆಟ್ಟದ ಕೆಳಗಿದ್ದ ನಮ್ಮ ಅಡಿಗೆಮನೆಯೇ ಹವ್ಯಾಸಿಗಳು ಮಾತಾಡಿಕೊಳ್ಳುವ ಒಂದು ಹ್ಯಾಮ್ ರೇಡಿಯೊ ಕೇಂದ್ರವಾಗಿತ್ತು. ರೇಡಿಯೊ ರಿಪೇರಿ ಮಾಡುತ್ತಿದ್ದ ನಮ್ಮ ಯಜಮಾನರು ಕಲಿಸಿದರು, ನಾನು ಪರೀಕ್ಷೆ ಕಟ್ಟಿ ಲೈಸೆನ್ಸ್ ಪಡೆದೆ. ಲಿಂಗಪೂಜೆ ಮುಗಿಸಿ, ಅನ್ನಕ್ಕಿಟ್ಟು, ಸೆಟ್ ಹಾಕುತ್ತಿದ್ದೆ. ಸಂಬಳವಿರಲಿಲ್ಲ, ಆದರೂ ಅದನ್ನು ಕೆಲಸವೆಂದೇ ಮಾಡಿದೆ.

ನಮ್ಮ ಸೆಟ್ಟುಗಳ ಅಲೆ ಬೆಟ್ಟ ದಾಟುತ್ತಿರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿ ಮುಂದಿನವರಿಗೆ ದಾಟಿಸಬೇಕು, ಇದು ರಿಲೇ. ಯಾರ ಮೂಲಕ ದಾಟಿಸಬೇಕೆಂಬುದು ರೂಟಿಂಗ್. ನಡುವಿನ ಕೇಂದ್ರ ಜೀಪಿನಲ್ಲಿದ್ದರಂತೂ ಈಗಿದ್ದ ದಾರಿ ಇನ್ನೊಂದು ಗಳಿಗೆಗೆ ಇರುವುದಿಲ್ಲ.

ಆ ಮಳೆಗಾಲ ಬೆಟ್ಟದಾಚೆಯ ಒಂದು ಕೆರೆಯ ಏರಿ ಬಿರುಕು ಬಿಟ್ಟಿತು. ಕೆಳಗಿನ ಹಟ್ಟಿಯ ಮೇಷ್ಟ್ರ ಹತ್ತಿರ ಸಣ್ಣ ಸೆಟ್ ಇತ್ತು. "ಎಲ್ಲರನ್ನೂ ಗುಡ್ಡ ಹತ್ತಿಸಿ" ಎಂಬ ನನ್ನ ಮಾತನ್ನು, ಬೆಟ್ಟದ ತಿರುವಿನಲ್ಲಿ ಜೀಪು ನಿಲ್ಲಿಸಿದ್ದ ಯಜಮಾನರು ಅವರಿಗೆ ದಾಟಿಸಿದರು. ಉತ್ತರ ಬರುವ ಮೊದಲೇ ಜೀಪು ಕೆರೆಯ ಏರಿ ನೋಡಲು ಹೋಯಿತು. ಬೆಟ್ಟ ಅಡ್ಡವಾಯಿತು. ಕೂಗಿದಷ್ಟೂ ಗೊರಗೊರ ಸದ್ದೇ.

ನಮಗೆ ಹಾಲು ಹಾಕುವ ಕರಿಯಣ್ಣ ಬಾಗಿಲಲ್ಲಿ ನಿಂತಿದ್ದ. ಅವನ ಅಕ್ಕನನ್ನು ಆ ಹಟ್ಟಿಗೇ ಕೊಟ್ಟಿತ್ತು.

"ಏನಂದ್ರಮ್ಮ?"

"ಉತ್ತರ ಬಂದಿಲ್ಲ ಕಣಪ್ಪ. ತಾಳು."

"ನಿಮ್ ಪೆಟ್ಟಿಗೆ ಕೆಮ್ಮೋದು ಬುಟ್ರೆ ಇನ್ನೇನೂ ಮಾಡಕಿಲ್ಲ. ನಾನೇ ಹೋಗಿ ಕರ್ಕೊಂಡ್ ಬಂದ್ಬುಡ್ತೀನಿ."

ಸೈಕಲ್ ಹತ್ತಿ ಹೊರಟೇಬಿಟ್ಟ.

ಹತ್ತಿರದ ದಾರಿ ಇರುವಾಗ ಶಿರಾ ಸುತ್ತುವ ರೂಢಿ ನಮ್ಮಲ್ಲಿರಲಿಲ್ಲ. ಬೇರೆ ಗತಿ ಕಾಣದೆ, ಬೆಟ್ಟದ ಎರಡೂ ಬದಿಯ ಮಾತು ಕೇಳಿಸುವ ಶಿರಾದ ಸಾಹೇಬರನ್ನು ಕೂಗಿದೆ. ಅವರೂ ನಮ್ಮ ಹಾಗೆಯೇ ಹ್ಯಾಮ್.

"ಅರೆ ಅಮ್ಮಾ, ಅವರೆಲ್ಲ ಗುಡ್ಡ ಹತ್ತಿ ಎಷ್ಟೊತ್ತಾಯ್ತು. ಮೇಷ್ಟ್ರು ಹೇಳಿದ್ದು ನನಗೆ ಸಾಫ್ ಕೇಳಿಸ್ತು. ನಿಮಗೂ ಕೇಳಿರ್ಬೇಕು ಅಂತ ಸುಮ್ಕಿದ್ದೆ."

ಬೀದಿಗೆ ಓಡಿ ಬಂದೆ. ಬೀದಿ ಖಾಲಿಯಿತ್ತು.

ಸಂಜೆಗೆ ಏರಿ ಒಡೆಯಿತು. ಹಟ್ಟಿಯಲ್ಲಿ ಒಂದು ಮೇಕೆಮರಿಯೂ ಸಾಯಲಿಲ್ಲ. ಶಿವ ಅಷ್ಟು ದೊಡ್ಡವನು. ಕರಿಯಣ್ಣ ಮಾತ್ರ ಹಳ್ಳ ದಾಟುವಾಗ ನೀರಿಗೆ ಸಿಕ್ಕಿದ. ಮಣ್ಣಿಗಾದರೂ ದೇಹ ಸಿಕ್ಕಿತಲ್ಲ ಎಂದುಕೊಂಡೆ.

ಮಣ್ಣು ಮಾಡಿದ ಮೇಲೆ ಅವನ ಅಕ್ಕ ನಮ್ಮ ಜಗಲಿಯಲ್ಲಿ ಕುಳಿತು ಒಂದೇ ಮಾತು ಕೇಳಿದಳು: "ಸುದ್ದಿ ನಮ್ಗೆ ಮುಟ್ಟಿತ್ತಲ್ಲಮ್ಮ. ಅವ್ನ್ ಯಾಕೆ ಬಂದ?"

ಮಾತು ಮುಟ್ಟಿದರೆ ಸಾಲದು, ಮುಟ್ಟಿತೆಂಬ ಮಾತೂ ತಿರುಗಿ ಬರಬೇಕು ಎಂದು ನನಗೆ ಕಲಿಸಿದ್ದು ಅದೇ. ಅಂದಿನಿಂದ, ಉತ್ತರ ಯಾರ ಕಿವಿಗೆ ಬಿದ್ದರೂ ಅವರು ಅದನ್ನು ಮತ್ತೆ ಹೇಳಬೇಕೆಂದು ನಮ್ಮಲ್ಲಿ ನಿಯಮ ಮಾಡಿಕೊಂಡೆವು.

ಮಣ್ಣು ಮಾಡಿದ ಆ ದಿನ ಅವನ ಅಕ್ಕನನ್ನು ಬಸ್ಸು ಹತ್ತಿಸಿ ಬಂದು ಸೆಟ್ಟಿನ ಮುಂದೆ ಕುಳಿತೆ. ಕತ್ತಲಾದ ಮೇಲೆ ಸಾಹೇಬರ ದನಿ ಬಂತು: "ಅಮ್ಮಾ, ಹಟ್ಟಿ ಮೇಷ್ಟ್ರು ಹೇಳಿದ್ದು. ಕರಿಯಣ್ಣನ ಅಕ್ಕ ಮನೆ ಸೇರಿದಾಳಂತೆ. ನಿಮಗೆ ಹೇಳು ಅಂದಳಂತೆ."