ಬಳೆಗಾರ ಬರುವ ತನಕ

ಚಿಗವ್ವನ ಬಲಗೈ ಎಡಗೈಗಿಂತ ದಪ್ಪವಾಗಿ, ನೇರಳೆ ಬಣ್ಣಕ್ಕೆ ತಿರುಗಿತ್ತು. ಹಸಿರು ಗಾಜಿನ ಬಳೆಗಳು ಬಾತ ಮಣಿಕಟ್ಟಿನಲ್ಲಿ ಹೂತುಹೋಗಿದ್ದವು. ಆ ಕೈಯಿಂದಲೇ ಚಹಾ ಕೊಡಲು ಬಂದಳು, ಲೋಟ ಜಾರಿ ಬಿತ್ತು. "ಸುಡ್ಲಿ ಈ ಕೈ, ಇದಕ್ಕೂ ಸೊಕ್ಕು ಬಂದದ" ಎಂದು ನಕ್ಕಳು.

ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು. ಶಹಾಬಾದಿನ ಕಲ್ಲುಗಣಿಯಲ್ಲಿ ಚೂರುಕಲ್ಲಿನ ಬುಟ್ಟಿ ಹೊರುತ್ತಿದ್ದಳು. ಬುಟ್ಟಿ ತಲೆಯ ಮೇಲೆ, ಅದನ್ನು ಹಿಡಿದ ಬಲಗೈ ದಿನವಿಡೀ ಮೇಲೆ. ನಾನು ಊಟಕ್ಕೆ ಹಟ ಮಾಡಿದರೆ "ನಿನ್ನ ಬಾಯಾಗ ಸಕ್ಕರಿ ಹಾಕ, ಉಣ್ಣು" ಎಂದು ಬೈಯುತ್ತಿದ್ದಳು. ಅವಳಿಗೆ ಬೈಗುಳವನ್ನೂ ಸರಿಯಾಗಿ ಬೈಯಲು ಬರುತ್ತಿರಲಿಲ್ಲ.

ತಲೆ ಬಾಚುವಾಗ ಕೈ ಜೋಮು ಹಿಡಿಯುತ್ತದೆ ಎಂದು ತಿಂಗಳುಗಟ್ಟಲೆ ಹೇಳಿದ್ದಳು. ಒಬ್ಬ ಡಾಕ್ಟರ ಮುಟ್ಟಿಯೂ ನೋಡದೆ "ವಾಯು" ಎಂದು ಸೂಜಿ ಚುಚ್ಚಿ ಕಳಿಸಿದ. ಮನೆಯವರು ಬಳೆ ಬಿಗಿಯಾಗಿ ಬಾತಿದೆ ಎಂದು ಎಣ್ಣೆ ತಿಕ್ಕಿದರು. ಎರಡು ಕೈ ಪಕ್ಕಪಕ್ಕ ಇಟ್ಟು ನೋಡಲು ಇವರಿಗೆ ಕಣ್ಣಿರಲಿಲ್ಲವೇ!

ನಾನೇ ಅವಳನ್ನು ವಾಡಿ ಊರಿನ ದವಾಖಾನೆಗೆ ಎಳೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಸೆರಗು ಸರಿಸಿ, ಭುಜದ ಸುತ್ತ ಉಬ್ಬಿದ ನೀಲಿ ನರಗಳನ್ನು ನನಗೆ ತೋರಿಸಿದರು. "ಕೊರಳೆಲುಬಿನ ಕೆಳಗ ರಕ್ತನಾಳ ಒತ್ತಿಕೊಂಡು ರಕ್ತ ಹೆಪ್ಪುಗಟ್ಟಿದಂಗ ಕಾಣತದ. ಆ ಹೆಪ್ಪು ಶ್ವಾಸಕೋಶಕ್ಕ ಹೋದ್ರ ಜೀವಕ್ಕ ಅಪಾಯ. ಬಳಿ ಕತ್ತರಿಸ್ತೀನಿ, ಇವತ್ತೇ ಕಲಬುರಗಿಗಿ ಹೋಗ್ರಿ."

ಚಿಗವ್ವ ಕೈಯನ್ನು ಸೆರಗಿನಲ್ಲಿ ಬಚ್ಚಿಟ್ಟಳು. "ಗಂಡ ಗಟ್ಟಿ ಅದಾನ, ಬಳಿ ಒಡಸ್ಕೊಂಡು ಬರಿಗೈಲೆ ಇರ್ಲೇನ್ರಿ? ಸಂತಿಗಿ ಬಳಿಗಾರ ಬರತಾನ. ಹಳೇವು ತೆಗೆದು ಹೊಸಾವು ಇಡ್ಲಿ, ಆಮ್ಯಾಲೆ ಹೋಗತೀನಿ."

"ಬಳಿ ಇಟ್ಕೊಂಡಾದ್ರೂ ಹೋಗ್ರಿ ತಾಯಿ!"

"ದೊಡ್ಡ ದವಾಖಾನ್ಯಾಗ ಕೇಳದನ ಒಡೀತಾರ" ಎಂದು ಎದ್ದೇಬಿಟ್ಟಳು.

ಅಲ್ಲಿಂದಲೇ ಕಾಕಾನಿಗೆ ಫೋನು ಹಚ್ಚಿದೆ. ಗಂಡ ಒಂದು ಮಾತು ಹೇಳಿದರೆ ಕೇಳುತ್ತಿದ್ದಳು. "ಅಕಿ ಅನ್ನೂದು ಖರೆ ಅದ. ನಾಕು ದಿನದಾಗ ಏನಾಗತದ?" ಎಂದ. ನನ್ನ ಮೈ ಉರಿದುಹೋಯಿತು. "ನಿನ್ನ ಆಯುಷ್ಯ ಗಾಜಿನಾಗ ಅದ ಏನು ಕಾಕಾ?" ಎಂದೆ. ಫೋನಿಟ್ಟ.

ಸಂತೆಯ ಹಿಂದಿನ ದಿನ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ಉಸಿರಿಗಾಗಿ ಒದ್ದಾಡಿದಳು. ಗಾಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಓಣಿಯ ಹೆಂಗಸರು ಅವಳ ಹಣೆಗೆ ಕುಂಕುಮ ಹಚ್ಚಿ, "ಮುತ್ತೈದಿ ಸಾವು, ಭಾಳ ಪುಣ್ಯವಂತಿ" ಎಂದರು. ನನಗೆ ತಡೆಯಲಾಗಲಿಲ್ಲ. "ಪುಣ್ಯ ಅನಬ್ಯಾಡ್ರಿ! ಬದುಕ್ತಿದ್ಳು ಅಕಿ!" ಎಂದು ಕಿರುಚಿದೆ. ಯಾರೋ ನನ್ನ ಬಾಯಿ ಒತ್ತಿ ಹಿಡಿದರು. ಉಳಿದವರು ಒಬ್ಬೊಬ್ಬರಾಗಿ ಬಂದು ಅವಳ ಕಾಲು ಮುಟ್ಟಿ, ತಮಗೂ ಇಂಥದೇ ಸಾವು ಬರಲಿ ಎಂದು ಬೇಡಿಕೊಂಡರು.